ಉರಿಯಿಲ್ಲದ ಒಲೆ ಮುನಿದಾಗ

ಹೊಗೆಯಿರುವಲ್ಲಿ ಬೆಂಕಿ ಇದ್ದೇ ಇರಬೇಕೆಂಬುದು ನಮ್ಮ ತರ್ಕಶಾಸ್ತ್ರದ ಮೊದಲ ಪಾಠ. ದೂರದ ಬೆಟ್ಟದ ಮೇಲೆ ಹೊಗೆಯನ್ನು ಕಂಡವನು ಅಲ್ಲಿ ಬೆಂಕಿಯಿದೆಯೆಂದು ಊಹಿಸುತ್ತಾನೆ. ಅದಕ್ಕೆ ದೃಷ್ಟಾಂತವೇನೆಂದು ಕೇಳಿದರೆ ಅಡುಗೆಮನೆಯ ಕಡೆಗೆ ಬೊಟ್ಟುಮಾಡುತ್ತಾನೆ. ಶತಮಾನಗಳಿಂದ ತಾರ್ಕಿಕರ ಕೈಹಿಡಿದು ಬಂದ ಈ ದೃಷ್ಟಾಂತಕ್ಕೆ ಈಗ ಕುಂದು ಬಂದಿದೆ. ಇಂದು ಪಟ್ಟಣದ ಎಷ್ಟೋ ಅಡುಗೆಮನೆಗಳಲ್ಲಿ ಹೊಗೆಯೂ ಇಲ್ಲ, ಬೆಂಕಿಯೂ ಇಲ್ಲ. ಆದರೂ ಅನ್ನ ಬೇಯುತ್ತದೆ, ಹಾಲು ಉಕ್ಕುತ್ತದೆ. ಕಪ್ಪು ಗಾಜಿನ ಹಲಗೆಯ ಮೇಲೆ ಬೆರಳ ತುದಿಯನ್ನು ತಾಗಿಸಿದರೆ ಸಾಕು, ಇಂಡಕ್ಷನ್ ಒಲೆ ತನ್ನ ಕೆಲಸವನ್ನು ಆರಂಭಿಸುತ್ತದೆ.

ಆದರೆ ಈ ಸೌಮ್ಯವಾದ ಒಲೆಗೂ ಒಮ್ಮೊಮ್ಮೆ ಮುನಿಸು ಬರುವುದುಂಟು. ಅಂಥ ಸಂಜೆಯೊಂದನ್ನು ಕಣ್ಮುಂದೆ ತಂದುಕೊಳ್ಳೋಣ. ಗಂಟೆ ಏಳು. ಮನೆಯ ಗ್ಯಾಸ್ ಸಿಲಿಂಡರು ಮಧ್ಯಾಹ್ನವೇ ಮುಗಿದಿದೆ. ಮತ್ತೊಂದು ಬರುವುದು ನಾಳೆ. ಸಕ್ಕರೆ ಕಾಯಿಲೆಯ ಮಾವನವರಿಗೆ ಎಂಟು ಗಂಟೆಯೊಳಗೆ ಊಟವಾಗಬೇಕು. ಸೊಸೆ ಇಂಡಕ್ಷನ್ ಒಲೆಯ ಮೇಲೆ ಸಾರಿಗೆ ಬೇಳೆಯನ್ನು ಬೇಯಿಸಿ ಇಳಿಸಿ, ಅನ್ನಕ್ಕೆ ನೀರಿಟ್ಟಿದ್ದಾಳೆ. ಅಷ್ಟರಲ್ಲಿ ಒಲೆ ಕೀಚ್ ಕೀಚ್ ಎಂದು ಕೂಗಿ ನಿಂತುಬಿಡುತ್ತದೆ. ಗಾಜಿನ ಕೆಳಗೆ ಒಂದು ಅಕ್ಷರ ಮತ್ತು ಒಂದು ಅಂಕಿ ಕೆಂಪಗೆ ಮಿನುಗುತ್ತವೆ. ಆಕೆ ಗೋಡೆಯ ಸ್ವಿಚ್ಚನ್ನು ಆರಿಸಿ ಮತ್ತೆ ಹಾಕುತ್ತಾಳೆ, ಅದೇ ಅಂಕಿ. ಇನ್ನೊಮ್ಮೆ ಆರಿಸಿ ಹಾಕುತ್ತಾಳೆ, ಮತ್ತೂ ಅದೇ.

“ಏನಾಯಿತಮ್ಮ, ಕೆಟ್ಟುಹೋಯಿತೆ?”

“ತುಂಬ ಬಿಸಿಯಾಗಿದೆ ಅಂತ ತೋರಿಸುತ್ತಿದೆ, ಅತ್ತೆ.”

“ಒಲೆ ಅಂದಮೇಲೆ ಬಿಸಿಯಾಗದೆ ತಣ್ಣಗಿರುತ್ತದೆಯೇನೆ?”

ಅತ್ತೆಯವರ ಪ್ರಶ್ನೆ ಹಾಸ್ಯದ್ದಲ್ಲ. ಇಡೀ ವಿಷಯದ ಬೀಗದ ಕೈ ಅದರಲ್ಲಿಯೇ ಇದೆ. ಸೌದೆಯ ಒಲೆ, ಇದ್ದಿಲ ಒಲೆ, ಸೀಮೆಎಣ್ಣೆಯ ಸ್ಟೋವು, ಗ್ಯಾಸು—ಇವೆಲ್ಲವುಗಳಲ್ಲಿಯೂ ಮೊದಲು ಒಲೆ ಕಾದು ಆಮೇಲೆ ಪಾತ್ರೆ ಕಾಯುತ್ತದೆ. ಇಂಡಕ್ಷನ್ ಒಲೆಯಲ್ಲಿ ಈ ಕ್ರಮ ತಿರುವುಮುರುವಾಗಿದೆ. ಇಲ್ಲಿ ಕಾಯಬೇಕಾದುದು ಪಾತ್ರೆ, ಒಲೆ ತಣ್ಣಗಿರಬೇಕು. ಒಲೆಯೇ ಕಾದರೆ ಅದು ಕೆಲಸದ ಲಕ್ಷಣವಲ್ಲ, ಅಪಾಯದ ಲಕ್ಷಣ.

ಗಾಜಿನ ಕೆಳಗಿನ ವ್ಯಾಪಾರ

1831ರಲ್ಲಿ ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್ನಿನಲ್ಲಿ ಮೈಕೇಲ್ ಫ್ಯಾರಡೆ ಕಬ್ಬಿಣದ ಬಳೆಯೊಂದಕ್ಕೆ ಎರಡು ತಂತಿಸುರುಳಿಗಳನ್ನು ಸುತ್ತಿ ಪ್ರಯೋಗ ನಡೆಸಿದನು. ಒಂದು ಸುರುಳಿಯಲ್ಲಿ ವಿದ್ಯುತ್ತನ್ನು ಹರಿಯಿಸಿದಾಗಲೂ ನಿಲ್ಲಿಸಿದಾಗಲೂ, ಅದಕ್ಕೆ ತಾಗದೆಯೇ ಇದ್ದ ಇನ್ನೊಂದು ಸುರುಳಿಯಲ್ಲಿ ಕ್ಷಣಕಾಲ ವಿದ್ಯುತ್ತು ಸುಳಿದುಹೋಯಿತು. ಬದಲಾಗುವ ಕಾಂತಕ್ಷೇತ್ರವು ತನ್ನೊಳಗಿನ ಲೋಹದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆಯೆಂಬುದು ಅಂದು ತಿಳಿಯಿತು. 1855ರಲ್ಲಿ ಪ್ಯಾರಿಸಿನ ಫೂಕೋ ಎಂಬ ವಿಜ್ಞಾನಿ ಅಯಸ್ಕಾಂತದ ಎರಡು ಧ್ರುವಗಳ ನಡುವೆ ತಾಮ್ರದ ಬಿಲ್ಲೆಯನ್ನು ತಿರುಗಿಸಿ, ಲೋಹದ ಒಡಲಿನಲ್ಲಿಯೇ ಸುಳಿಸುಳಿಯಾಗಿ ಹರಿಯುವ ಇಂಥ ಪ್ರವಾಹದಿಂದ ಬಿಲ್ಲೆ ಬಿಸಿಯಾಗುವುದನ್ನು ತೋರಿಸಿಕೊಟ್ಟನು. ವಿದ್ಯುದ್ಯಂತಗಳನ್ನು ಕಟ್ಟುವವರಿಗೆ ಈ ಶಾಖವು ಬಹುಕಾಲ ಒಂದು ಪೀಡೆಯಾಗಿಯೇ ಇತ್ತು. ಅದೇ ಪೀಡೆಯನ್ನು ಪಳಗಿಸಿ ಊಳಿಗಕ್ಕೆ ಹಚ್ಚಿದುದರ ಫಲವೇ ಇಂಡಕ್ಷನ್ ಒಲೆ. 1950ರ ದಶಕದಲ್ಲಿ ಅಮೆರಿಕದ ಪ್ರದರ್ಶನಗಳಲ್ಲಿ ಇಂಥ ಒಲೆಯ ಮೇಲೆ ವೃತ್ತಪತ್ರಿಕೆಯ ಹಾಳೆಯನ್ನು ಹಾಸಿ, ಅದರ ಮೇಲೆ ಪಾತ್ರೆಯನ್ನಿಟ್ಟು ನೀರು ಕುದಿಸಿ ತೋರಿಸುತ್ತಿದ್ದರು. ನೀರು ಕುದಿಯುತ್ತಿತ್ತು, ಕಾಗದ ಉರಿಯುತ್ತಿರಲಿಲ್ಲ.

ಇಂದಿನ ಒಲೆಯ ಗಾಜಿನ ಕೆಳಗೆ ತಾಮ್ರದ ತಂತಿಯ ಚಪ್ಪಟೆ ಸುರುಳಿಯೊಂದು ಚಕ್ಕುಲಿಯಂತೆ ಮಲಗಿರುತ್ತದೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಒಲೆಯೊಳಗಿನ ವಿದ್ಯುನ್ಮಂಡಲವು ಅದನ್ನು ಮೊದಲು ಏಕಮುಖವಾಗಿಸಿ, ಬಳಿಕ ಸೆಕೆಂಡಿಗೆ 20,000ಕ್ಕೂ ಹೆಚ್ಚು ಬಾರಿ ತೆರೆದು ಮುಚ್ಚುತ್ತ ಸುರುಳಿಗೆ ಉಣಿಸುತ್ತದೆ. ಈ ತೆರೆದು ಮುಚ್ಚುವ ಕೆಲಸವನ್ನು ಮಾಡುವುದು ಐ.ಜಿ.ಬಿ.ಟಿ. ಎಂಬ ಒಂದು ಅರೆವಾಹಕ ಸ್ವಿಚ್ಚು. ಬೆಂಕಿಪೆಟ್ಟಿಗೆಗಿಂತಲೂ ಸಣ್ಣದಾದ ಈ ಸಾಧನದ ಮೂಲಕವೇ ಇಡೀ ಅಡುಗೆಯ ಶಕ್ತಿಯೆಲ್ಲ ಹಾದುಹೋಗಬೇಕು.

ಇಷ್ಟೆಲ್ಲ ನಡೆಯುವಾಗ ಶಕ್ತಿಯಲ್ಲಿ ಸ್ವಲ್ಪ ಸೋರಿಹೋಗುವುದು ಸಹಜ. 2000 ವ್ಯಾಟಿನ ಒಲೆಯಲ್ಲಿ ನೂರಕ್ಕೆ ಹತ್ತರಷ್ಟು ಮಾತ್ರ ಸೋರಿದರೂ 200 ವ್ಯಾಟಿನ ಶಾಖವು ಒಲೆಯ ಒಡಲಿನಲ್ಲಿಯೇ ಉಳಿಯುತ್ತದೆ. ಹಿಂದಿನ ಕಾಲದ 100 ಕ್ಯಾಂಡಲ್ ಎನ್ನುತ್ತಿದ್ದ ಬಲ್ಬುಗಳೆರಡನ್ನು ಮೂರು ಅಂಗುಲ ಎತ್ತರದ ಮುಚ್ಚಿದ ಡಬ್ಬಿಯಲ್ಲಿಟ್ಟು ಉರಿಸಿದರೆ ಏನಾದೀತೋ ಊಹಿಸಿಕೊಳ್ಳಬಹುದು. ಇದರ ಮೇಲೆ, ಕಾದ ಪಾತ್ರೆಯ ತಳದಿಂದ ಗಾಜಿನ ಮೂಲಕ ಕೆಳಗಿಳಿದು ಬರುವ ಶಾಖ ಬೇರೆ. ಈ ಬೇಗೆಯನ್ನು ಹೊರಕ್ಕೆ ದೂಡಲೆಂದೇ ಒಲೆಯೊಳಗೆ ಒಂದು ಪುಟ್ಟ ಫ್ಯಾನು ಇದೆ. ಸಾಮಾನ್ಯವಾಗಿ ಅದು ತಳದ ಕಂಡಿಗಳಿಂದ ತಂಪು ಗಾಳಿಯನ್ನು ಎಳೆದುಕೊಂಡು, ಹಿಂಭಾಗದ ಅಥವಾ ಪಕ್ಕದ ಕಂಡಿಗಳಿಂದ ಬಿಸಿ ಗಾಳಿಯನ್ನು ಹೊರಕ್ಕೆ ಬಿಡುತ್ತದೆ. ನಮ್ಮ ಅಜ್ಜಿಯರು ಊದುಗೊಳವೆ ಹಿಡಿದು ಕುಳಿತದ್ದು ಒಲೆ ಉರಿಯಲೆಂದು. ಈ ಫ್ಯಾನು ಊದುವುದು ಒಲೆ ತಣಿಯಲೆಂದು. ಅಂತೂ ಗಾಳಿಯಿಲ್ಲದೆ ಯಾವ ಒಲೆಯೂ ನಡೆಯದು.

ಇಬ್ಬರು ಕಾವಲುಗಾರರು

ಒಲೆಯನ್ನು ಕಟ್ಟಿದವರು ಫ್ಯಾನನ್ನು ಮಾತ್ರ ನಂಬಿ ಸುಮ್ಮನಾಗಿಲ್ಲ. ಒಳಗೆ ಥರ್ಮಿಸ್ಟರ್ ಎಂಬ ಸಣ್ಣ ಮಣಿಯಂಥ ಸಾಧನಗಳೆರಡನ್ನು ಕಾವಲಿಗೆ ಇರಿಸಿದ್ದಾರೆ. ಬಿಸಿಯೇರಿದಂತೆ ಇವುಗಳ ವಿದ್ಯುತ್ ರೋಧ ಇಳಿಯುತ್ತದೆ. ಆ ಇಳಿತವನ್ನು ಅಳೆದು ಒಲೆಯ ಪುಟ್ಟ ಗಣಕವು ಉಷ್ಣತೆಯನ್ನು ತಿಳಿದುಕೊಳ್ಳುತ್ತದೆ. ಒಬ್ಬ ಕಾವಲುಗಾರ ಸುರುಳಿಯ ನಡುವೆ, ಗಾಜಿನ ತಳಕ್ಕೆ ಅಂಟಿಕೊಂಡು ಪಾತ್ರೆಯ ಬಿಸಿಯನ್ನು ನೋಡುತ್ತಾನೆ. ಇನ್ನೊಬ್ಬ ಕೆಳಗೆ, ಐ.ಜಿ.ಬಿ.ಟಿ.ಯ ಬಳಿ ನಿಂತು ಒಲೆಯ ಒಡಲಿನ ಬಿಸಿಯನ್ನು ನೋಡುತ್ತಾನೆ. ಇಬ್ಬರಲ್ಲಿ ಯಾರು ಮಿತಿ ಮೀರಿತೆಂದು ಕೂಗಿದರೂ ಗಣಕವು ಸುರುಳಿಗೆ ಹೋಗುವ ವಿದ್ಯುತ್ತನ್ನು ತಡೆದು, ಗಾಜಿನ ಮೇಲೆ ಅಂಕಿಯನ್ನು ಮಿನುಗಿಸುತ್ತದೆ.

ಹಲವು ಒಲೆಗಳಲ್ಲಿ ಮೇಲಿನವನ ಕೂಗಿಗೆ ಒಂದು ಅಂಕಿ, ಕೆಳಗಿನವನ ಕೂಗಿಗೆ ಇನ್ನೊಂದು. ವೋಲ್ಟೇಜು ಕುಸಿದಾಗ ಅಥವಾ ಏರಿದಾಗ, ಪಾತ್ರೆ ಇಲ್ಲದಾಗ ಬರುವ ಅಂಕಿಗಳೂ ಬೇರೆ ಇವೆ. ಒಬ್ಬ ತಯಾರಕನ ಅಂಕಿಗೂ ಮತ್ತೊಬ್ಬನ ಅಂಕಿಗೂ ಹೊಂದಿಕೆಯಿಲ್ಲ. ಆದುದರಿಂದ ನೆರೆಮನೆಯವರ ಅನುಭವವನ್ನು ನಂಬದೆ ಒಲೆಯೊಡನೆ ಬಂದ ಕೈಪುಸ್ತಕವನ್ನೇ ನೋಡಬೇಕು. ಅದು ಕಳೆದುಹೋಗಿದ್ದರೆ ಒಲೆಯ ತಳದಲ್ಲಿ ಮುದ್ರಿಸಿರುವ ಮಾದರಿಯ ಸಂಖ್ಯೆಯನ್ನು ತಯಾರಕರಿಗೆ ತಿಳಿಸಿ ಕೇಳಬಹುದು.

ಮೇಲಿನ ಗಾಜಿನ ವಿಷಯವಾಗಿ ಒಂದು ಮಾತು. ಇದು ಮಾಮೂಲಿನ ಗಾಜಲ್ಲ. ಬಿಸಿಯಾದರೂ ಹಿಗ್ಗದ, ತಣಿದರೂ ಕುಗ್ಗದ ಗಾಜುಪಿಂಗಾಣಿ. 1950ರ ದಶಕದ ಆರಂಭದಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯ ಡೊನಾಲ್ಡ್ ಸ್ಟೂಕಿ ಎಂಬ ರಸಾಯನತಜ್ಞರು ಗಾಜಿನ ತುಣುಕೊಂದನ್ನು 600 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಲು ಕುಲುಮೆಯಲ್ಲಿಟ್ಟಿದ್ದರು. ಕುಲುಮೆಯ ನಿಯಂತ್ರಣ ಕೆಟ್ಟು ಉಷ್ಣತೆ 900 ಡಿಗ್ರಿಗೆ ಏರಿತು. ಕರಗಿ ಹೋಗಿರಬೇಕೆಂದು ತೆರೆದು ನೋಡಿದರೆ ತುಣುಕು ಬೆಳ್ಳಗೆ, ಗಟ್ಟಿಯಾಗಿ ಉಳಿದಿತ್ತು. ಇಕ್ಕಳದಿಂದ ಜಾರಿ ನೆಲಕ್ಕೆ ಬಿದ್ದರೂ ಒಡೆಯಲಿಲ್ಲ. ಗಾಜುಪಿಂಗಾಣಿಯ ಚರಿತ್ರೆ ಆರಂಭವಾದದ್ದು ಹೀಗೆ, ಒಂದು ಅತ್ಯುಷ್ಣತೆಯ ಅಚಾತುರ್ಯದಿಂದ. ಕಾವಲುಗಾರ ತಪ್ಪಿದ್ದರಿಂದ ಜಗತ್ತಿಗೆ ಲಾಭವಾದ ಅಪೂರ್ವ ಪ್ರಸಂಗವಿದು. ಅಡುಗೆಮನೆಯಲ್ಲಿ ಅಂಥ ಅದೃಷ್ಟವನ್ನು ನೆಚ್ಚುವಂತಿಲ್ಲ.

ಮೊದಲ ಹದಿನೈದು ನಿಮಿಷ

ಅಂಕಿ ಮಿನುಗಿದೊಡನೆ ಗೋಡೆಯ ಸ್ವಿಚ್ಚನ್ನು ಆರಿಸುವುದು ಎಲ್ಲರಿಗೂ ತೋಚುವ ಉಪಾಯ. ಅದೇ ಮೊದಲನೆಯ ತಪ್ಪು. ಸ್ವಿಚ್ಚು ಆರಿದೊಡನೆ ಫ್ಯಾನೂ ನಿಲ್ಲುತ್ತದೆ. ಒಡಲಿನ ಬೇಗೆ ಹೊರಹೋಗುವ ದಾರಿಯಿಲ್ಲದೆ ಒಳಗೇ ಸುತ್ತುತ್ತದೆ. ಮತ್ತೆ ಮತ್ತೆ ಆರಿಸಿ ಹಾಕಿದಷ್ಟೂ ಒಲೆ ತಣಿಯುವುದು ತಡವಾಗುತ್ತದೆ.

ಮಾಡಬೇಕಾದುದು ಇಷ್ಟು. ಗಾಜಿನ ಮೇಲಿನ ಗುಂಡಿಯಿಂದಲೇ ಅಡುಗೆಯನ್ನು ನಿಲ್ಲಿಸಿ, ಪಾತ್ರೆಯನ್ನು ಇಳಿಸಿ, ಗೋಡೆಯ ಸ್ವಿಚ್ಚನ್ನು ಹಾಗೆಯೇ ಬಿಡಬೇಕು. ಫ್ಯಾನು ತಾನಾಗಿ ತಿರುಗಿ ತಾನಾಗಿ ನಿಲ್ಲಲಿ. ಹತ್ತು ಹದಿನೈದು ನಿಮಿಷ ಬಿಟ್ಟು ಮುಂದುವರಿಯಬಹುದು. ದಿನನಿತ್ಯವೂ ಅಡುಗೆ ಮುಗಿದ ಬಳಿಕ ಇದೇ ಕ್ರಮವನ್ನು ಅನುಸರಿಸುವುದು ಒಳ್ಳೆಯದು. ಬೇಗ ತಣಿಯಲೆಂದು ಗಾಜಿನ ಮೇಲೆ ನೀರು ಸುರಿಯುವುದಾಗಲಿ ಒದ್ದೆ ಬಟ್ಟೆ ಹೊದಿಸುವುದಾಗಲಿ ಕೂಡದು. ಇದಕ್ಕೆ ಒಂದೇ ಅಪವಾದ: ಸುಟ್ಟ ವಾಸನೆ, ಹೊಗೆ, ಕಿಡಿ ಅಥವಾ ಗಾಜಿನಲ್ಲಿ ಬಿರುಕು ಕಂಡರೆ ಕೂಡಲೇ ಗೋಡೆಯ ಸ್ವಿಚ್ಚನ್ನು ಆರಿಸಬೇಕು, ಆ ಒಲೆಯನ್ನು ಮತ್ತೆ ಹಚ್ಚಬಾರದು.

ಈ ಹದಿನೈದು ನಿಮಿಷದಲ್ಲಿ ಸುಮ್ಮನೆ ಕೂರಬೇಕಾಗಿಲ್ಲ. ಫ್ಯಾನಿನ ಸದ್ದು ಕೇಳುತ್ತಿದೆಯೆ? ಹಿಂಭಾಗದ ಕಂಡಿಯ ಎದುರು ಕೈ ಹಿಡಿದರೆ ಗಾಳಿ ತಾಗುತ್ತಿದೆಯೆ? ಒಲೆ ಗೋಡೆಗೆ ಒತ್ತಿಕೊಂಡಿದ್ದರೆ ನಾಲ್ಕು ಅಂಗುಲವಾದರೂ ಮುಂದಕ್ಕೆ ಸರಿಸಬೇಕು. ಉರಿಯುವ ಗ್ಯಾಸ್ ಒಲೆಯ ಪಕ್ಕದಲ್ಲಿಯೇ ಇಟ್ಟಿದ್ದರೆ, ಅದರ ಬಿಸಿ ಗಾಳಿಯನ್ನೇ ಇದು ಉಸಿರಾಡಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಒಲೆಯ ಕೆಳಗೆ ಏನನ್ನು ಹಾಸಿದೆ ಎಂಬುದನ್ನು ನೋಡಬೇಕು. ಅಡುಗೆಕಟ್ಟೆ ಕೊಳೆಯಾಗದಿರಲೆಂದು ಪ್ಲಾಸ್ಟಿಕ್ ಹಾಳೆಯನ್ನೋ ಹಳೆಯ ವೃತ್ತಪತ್ರಿಕೆಯನ್ನೋ ಹಾಸುವುದು ನಮ್ಮ ಮನೆಗಳಲ್ಲಿ ರೂಢಿ. ಫ್ಯಾನು ಎಳೆಯುವ ಗಾಳಿಗೆ ಆ ಹಾಳೆ ಮೇಲೆದ್ದು ತಳದ ಕಂಡಿಗೆ ಅಂಟಿಕೊಳ್ಳುತ್ತದೆ. ಮೂಗಿಗೆ ಬಟ್ಟೆ ಒತ್ತಿ ಹಿಡಿದಂತಾಗುತ್ತದೆ. ಸ್ವಿಚ್ಚು ಆರಿಸಿದರೆ ಹಾಳೆ ಮತ್ತೆ ಕೆಳಗೆ ಬೀಳುವುದರಿಂದ ಕಳ್ಳನ ಸುಳಿವೇ ಸಿಗುವುದಿಲ್ಲ. ಕೆಟ್ಟುಹೋಯಿತೆಂದು ರಿಪೇರಿಗೆ ಒಯ್ದ ಒಲೆ, ಅಂಗಡಿಯವನ ಬೋಳು ಮೇಜಿನ ಮೇಲೆ ಚೆನ್ನಾಗಿಯೇ ನಡೆದು, ಮನೆಗೆ ಬಂದೊಡನೆ ಮತ್ತೆ ಮುನಿಯುವುದಕ್ಕೆ ಇದೂ ಒಂದು ಕಾರಣ.

ನೀರಿನ ಪರೀಕ್ಷೆ

ಗಾಳಿಯ ದಾರಿ ತೆರವಾಗಿದ್ದೂ ತೊಂದರೆ ಮರುಕಳಿಸಿದರೆ, ತಾರ್ಕಿಕನಂತೆ ಲಕ್ಷಣದಿಂದ ಕಾರಣವನ್ನು ಊಹಿಸಬೇಕು. ಅದಕ್ಕೆ ಬೇಕಾದುದು ಎರಡು ಲೀಟರ್ ನೀರು, ಸಮತಳದ ಒಂದು ಸ್ಟೀಲ್ ಪಾತ್ರೆ ಮತ್ತು ಒಂದು ಗಡಿಯಾರ.

ನೀರನ್ನೇ ಏಕೆ ಆರಿಸಬೇಕು? ನೀರು ಇರುವಷ್ಟು ಕಾಲ ಪಾತ್ರೆಯ ತಳ 100 ಡಿಗ್ರಿಗಿಂತ ಬಹಳ ಮೇಲೆ ಹೋಗಲಾರದು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಂತೂ ನೀರು 97 ಡಿಗ್ರಿಗೇ ಕುದಿಯುತ್ತದೆ. ಆದುದರಿಂದ ನೀರಿನ ಪಾತ್ರೆ ಮೇಲಿದ್ದಾಗ ಗಾಜಿನ ಬಳಿಯ ಕಾವಲುಗಾರನಿಗೆ ಕೂಗಲು ಕಾರಣವೇ ಇಲ್ಲ. ಒಲೆಯನ್ನು ಪೂರ್ತಿ ತಣಿಯಬಿಟ್ಟು, ನೀರಿಟ್ಟು, ಇಪ್ಪತ್ತು ನಿಮಿಷ ನಡೆಸಿ ನೋಡಬೇಕು.

ತಣ್ಣಗಿರುವ ಒಲೆ ಹಚ್ಚಿದ ಒಂದೆರಡು ನಿಮಿಷದಲ್ಲಿಯೇ ಅತ್ಯುಷ್ಣತೆಯ ಅಂಕಿ ಬಂದರೆ, ಬಿಸಿಯೇ ಇಲ್ಲದೆ ಬಿಸಿಯೆಂದು ಕೂಗುವ ಕಾವಲುಗಾರನ ಮೇಲೆಯೇ ಸಂಶಯಪಡಬೇಕು. ಥರ್ಮಿಸ್ಟರ್ ಕೆಟ್ಟಿರಬಹುದು, ಅದರ ತಂತಿಯ ಕೊಂಡಿ ಸಡಿಲಿರಬಹುದು. ಹತ್ತು ಹದಿನೈದು ನಿಮಿಷ ಸರಿಯಾಗಿ ನಡೆದು ಆಮೇಲೆ ಬಂದರೆ, ಒಡಲಿನ ಬೇಗೆ ಹೊರಹೋಗುತ್ತಿಲ್ಲವೆಂದು ಅರ್ಥ. ಒಗ್ಗರಣೆಯ ಎಣ್ಣೆಯ ಆವಿ ಧೂಳಿನೊಡನೆ ಬೆರೆತು ಫ್ಯಾನಿನ ರೆಕ್ಕೆಗಳಿಗೂ ಕಂಡಿಗಳಿಗೂ ಜಿಡ್ಡಾಗಿ ಅಂಟಿರುತ್ತದೆ. ಬೆಚ್ಚಗಿನ ತಾಣವೆಂದು ಜಿರಲೆಗಳು ಒಳಸೇರಿರುವುದೂ ಉಂಟು. ಇನ್ನು ಇಪ್ಪತ್ತು ನಿಮಿಷವೂ ಅಂಕಿ ಬಾರದಿದ್ದರೆ ಒಲೆಯಲ್ಲಿ ದೋಷವಿಲ್ಲ. ದೋಷವಿರುವುದು ಪಾತ್ರೆಯಲ್ಲಿ ಅಥವಾ ಬಳಸುವ ಕ್ರಮದಲ್ಲಿ.

ಪಾತ್ರೆಯ ಪಾತ್ರ

ಒಂದು ಲೀಟರ್ ನೀರು ಕುದಿಯಲು 2000 ವ್ಯಾಟಿನ ಒಲೆಗೆ ಸುಮಾರು ಮೂರು ನಿಮಿಷ ಬೇಕು. ಆದರೆ ಒಂದು ಡಿಗ್ರಿ ಬಿಸಿಯೇರಲು ನೀರಿಗೆ ಬೇಕಾದ ಶಾಖದಲ್ಲಿ ಒಂಬತ್ತನೆಯ ಒಂದು ಭಾಗ ಅದೇ ತೂಕದ ಕಬ್ಬಿಣಕ್ಕೆ ಸಾಕು. ಒಂದು ಕಿಲೋಗ್ರಾಂ ತೂಕದ ಖಾಲಿ ಪಾತ್ರೆ ಪೂರ್ಣಶಕ್ತಿಯಲ್ಲಿ ಒಂದೇ ನಿಮಿಷಕ್ಕೆ 200 ಡಿಗ್ರಿಯಷ್ಟು ಮೇಲೇರಬಲ್ಲದು. ದೋಸೆಯ ಕಾವಲಿಯನ್ನು ದೊಡ್ಡ ಅಂಕಿಯಲ್ಲಿಟ್ಟು ಹಿಟ್ಟು ಕಲಸಲು ಅತ್ತ ತಿರುಗುವಷ್ಟರಲ್ಲಿ ಒಲೆ ಕೂಗುವುದು ಈ ಕಾರಣದಿಂದ. ಕಾವಲಿಯನ್ನು ನಡುಮಟ್ಟದಲ್ಲಿಯೇ, ನಿಧಾನವಾಗಿ ಕಾಯಿಸಬೇಕು.

ತಳ ಉಬ್ಬಿದ ಅಥವಾ ಒಳಸೇದಿದ ಪಾತ್ರೆ ಗಾಜಿಗೆ ಸರಿಯಾಗಿ ಕೂರುವುದಿಲ್ಲ. ಆಗ ಕಾವಲುಗಾರನಿಗೆ ಸುದ್ದಿ ತಡವಾಗಿ ತಲುಪುತ್ತದೆ. ತಲುಪುವ ವೇಳೆಗೆ ಬಿಸಿ ಮಿತಿ ಮೀರಿರುತ್ತದೆ. ಕೊಳ್ಳುವಾಗ ಪಾತ್ರೆಯ ತಳಕ್ಕೆ ಸ್ಕೇಲೊಂದನ್ನು ಅಡ್ಡ ಹಿಡಿದು ನೋಡಿದರೆ ಸಮವೋ ಅಲ್ಲವೋ ತಿಳಿಯುತ್ತದೆ. ಅಯಸ್ಕಾಂತ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆಯೇ ಎಂಬುದನ್ನೂ ನೋಡಬೇಕು. ಹಳೆಯ ಅಲ್ಯುಮಿನಿಯಂ, ಹಿತ್ತಾಳೆ ಪಾತ್ರೆಗಳನ್ನು ಬಳಸಲೆಂದು ಒಲೆಯ ಮೇಲೆ ಕಬ್ಬಿಣದ ಬಿಲ್ಲೆಯೊಂದನ್ನು ಇಡುವವರಿದ್ದಾರೆ. ಆಗ ಕಾಯುವುದು ಬಿಲ್ಲೆ. ಅದರ ಬೇಗೆಯಲ್ಲಿ ಒಂದು ಪಾಲು ಪಾತ್ರೆಗೆ ಹೋಗದೆ ಗಾಜಿಗೆ ಇಳಿಯುತ್ತದೆ.

ಅಗಲವಾದ ಪಾತ್ರೆ ಬೆರಳು ತಾಗಿಸುವ ಭಾಗವನ್ನು ಮುಚ್ಚಬಾರದು. ಅಲ್ಲಿ ಗಾಜಿನ ಕೆಳಗೆ ಇರುವುದು ನಮ್ಮ ಬೆರಳಿನಿಂದಾಗುವ ವಿದ್ಯುತ್ ವ್ಯತ್ಯಾಸವನ್ನು ಗುರುತಿಸುವ ಸೂಕ್ಷ್ಮ ಸಾಧನ. ಉಕ್ಕಿದ ಹಾಲನ್ನೋ ಚೆಲ್ಲಿದ ಸಾರನ್ನೋ ಅದು ಬೆರಳೆಂದು ಭ್ರಮಿಸಿ ಒಲೆಯನ್ನು ನಿಲ್ಲಿಸಬಹುದು. ಒಣಬಟ್ಟೆಯಿಂದ ಒರಸಿದರೆ ಇಂಥ ಕೂಗು ಅಡಗುತ್ತದೆ.

ಕಾವಲುಗಾರನ ಬಾಯಿ ಕಟ್ಟಬಾರದು

ಫ್ಯಾನಿನ ಅಥವಾ ಥರ್ಮಿಸ್ಟರಿನ ದೋಷವೆಂದು ತಿಳಿದಮೇಲೆ, ಸ್ಕ್ರೂ ಬಿಚ್ಚಿ ನೋಡುವ ಆಸೆ ಕೆಲವರಿಗೆ ಹುಟ್ಟೀತು. ಆ ಸಾಹಸ ಬೇಡ. 230 ವೋಲ್ಟಿನ ವಿದ್ಯುತ್ತು ಏಕಮುಖವಾದಾಗ ಅದರ ಶಿಖರ 325 ವೋಲ್ಟಿಗೆ ಏರುತ್ತದೆ. ಪ್ಲಗ್ಗನ್ನು ಕಿತ್ತ ಬಳಿಕವೂ ಆ ವಿದ್ಯುತ್ತು ಕೆಲಕಾಲ ಒಳಗಿನ ಕೆಪಾಸಿಟರಿನಲ್ಲಿ ಉಳಿದಿರಬಹುದು. ಪ್ಲಗ್ಗು ಕಿತ್ತು ಒಲೆಯನ್ನು ಮಗುಚಿ, ಕಂಡಿಗಳ ಹೊರಗಿನ ಧೂಳನ್ನು ಒಣ ಬ್ರಷ್ಷಿನಿಂದ ತೆಗೆಯುವವರೆಗೆ ಮನೆಯವರ ಕೆಲಸ. ಅದರಾಚೆಗಿನದು ಬಲ್ಲವರ ಕೆಲಸ.

ಆದರೆ ಬಲ್ಲವರೆನ್ನಿಸಿಕೊಂಡವರಲ್ಲಿಯೂ ಒಂದು ಎಚ್ಚರ ಅಗತ್ಯ. ಬಿಸಿಯೇರಿದರೂ ಬದಲಾಗದ ಒಂದು ರೆಸಿಸ್ಟರನ್ನು ಥರ್ಮಿಸ್ಟರಿನ ಸ್ಥಾನದಲ್ಲಿ ಬೆಸೆದುಬಿಟ್ಟರೆ, ಗಣಕಕ್ಕೆ ಒಲೆ ಸದಾ ತಣ್ಣಗಿರುವಂತೆ ತೋರುತ್ತದೆ. ಕೆಲಸ ಅಗ್ಗ; ಅಂಕಿ ಮತ್ತೆ ಮಿನುಗುವುದಿಲ್ಲ; ಗಿರಾಕಿಗೂ ಸಂತೋಷ. ಆದರೆ ಇದು ಕಳ್ಳ ಬಂದಾಗ ಬೊಗಳುತ್ತದೆಂದು ನಾಯಿಯ ಬಾಯಿ ಕಟ್ಟಿದಂತೆ. ಅಡುಗೆಯೆಣ್ಣೆ ಸುಮಾರು 200 ರಿಂದ 230 ಡಿಗ್ರಿಯಲ್ಲಿ ಹೊಗೆಯಾಡತೊಡಗುತ್ತದೆ; 350 ಡಿಗ್ರಿಯನ್ನು ದಾಟಿದರೆ ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಲ್ಲದು. ಬಾಣಲೆಯಲ್ಲಿ ಎಣ್ಣೆಯಿಟ್ಟು ಬಾಗಿಲಿಗೆ ಹೋದ ಗೃಹಿಣಿಯನ್ನು, ಒಲೆ ಆರಿಸಲು ಮರೆತ ವೃದ್ಧರನ್ನು ಆ ಗಳಿಗೆಯಲ್ಲಿ ಕಾಯುವವನು ಗಾಜಿನ ಕೆಳಗಿನ ಆ ಮಣಿಯೊಂದೇ. ಅವನೂ ಮೂಕನಾಗಿದ್ದರೆ ಹೊಗೆಯ ಹಿಂದೆ ಬೆಂಕಿಯೂ ಬಂದು, ತಾರ್ಕಿಕರ ಹಳೆಯ ದೃಷ್ಟಾಂತ ಘೋರವಾದ ರೀತಿಯಲ್ಲಿ ನಿಜವಾದೀತು. ಎಣ್ಣೆಗೆ ಬೆಂಕಿ ಹೊತ್ತಿದರೆ ನೀರು ಹಾಕಲೇಬಾರದು. ಸ್ವಿಚ್ಚನ್ನು ಆರಿಸಿ, ಲೋಹದ ಮುಚ್ಚಳವನ್ನು ಓರೆಯಾಗಿ ಜಾರಿಸಿ ಮುಚ್ಚಬೇಕು.

ಆದುದರಿಂದ ರಿಪೇರಿಗೆ ಕೊಡುವಾಗ, “ಕೂಗದ ಹಾಗೆ ಮಾಡಿಕೊಡಿ” ಎನ್ನಬಾರದು. “ಏಕೆ ಕೂಗುತ್ತಿದೆ ನೋಡಿ” ಎನ್ನಬೇಕು. ತೆಗೆದ ಬಿಡಿಭಾಗವನ್ನು ಕೇಳಿ ಪಡೆಯಬೇಕು. ನೀರಿನ ಪರೀಕ್ಷೆಯಲ್ಲಿ ಕಂಡದ್ದನ್ನು, ಎಷ್ಟು ನಿಮಿಷಕ್ಕೆ ಅಂಕಿ ಬಂತು, ಫ್ಯಾನು ತಿರುಗುತ್ತಿತ್ತೆ ಎಂಬುದನ್ನು ಹೇಳಿದರೆ, ಇಡೀ ಬೋರ್ಡು ಹೋಗಿದೆಯೆಂಬ ಮಾತಿಗೆ ಸುಲಭವಾಗಿ ಮರುಳಾಗಬೇಕಾಗಿಯೂ ಇಲ್ಲ.

ಇನ್ನು ಆ ಸಂಜೆಯ ಅಡುಗೆಮನೆಗೆ ಮರಳಬಹುದು. ಸೊಸೆ ಸ್ವಿಚ್ಚಿನ ಮೇಲಿಂದ ಕೈ ತೆಗೆದಳು. ಒಲೆಯೊಳಗೆ ಫ್ಯಾನು ತಿರುಗುತ್ತಿತ್ತು. ಆದರೆ ಹಿಂಭಾಗದ ಕಂಡಿಯಲ್ಲಿ ಗಾಳಿ ತಾಗಲಿಲ್ಲ. ಬಗ್ಗಿ ನೋಡಿದರೆ, ಹಬ್ಬಕ್ಕೆಂದು ಕಟ್ಟೆಗೆ ಹಾಸಿದ್ದ ಹೂವಿನ ಚಿತ್ರದ ಪ್ಲಾಸ್ಟಿಕ್ ಹಾಳೆ ಒಲೆಯ ತಳಕ್ಕೆ ಅಂಟಿಕೊಂಡಿತ್ತು. ಹಾಳೆಯನ್ನು ಎಳೆದು ತೆಗೆದು, ಕಾಲು ಗಂಟೆ ಕಾದು, ಬರಿಯ ಕಲ್ಲಿನ ಮೇಲೆ ಒಲೆಯನ್ನಿಟ್ಟಳು. ಎಂಟಕ್ಕೆ ಐದು ನಿಮಿಷವಿರುವಾಗ ಮಾವನವರ ತಟ್ಟೆಗೆ ಬಿಸಿ ಅನ್ನ ಬಿತ್ತು.

“ಅದಕ್ಕೂ ಉಸಿರು ಬೇಕಲ್ಲ, ಪಾಪ,” ಎಂದರು ಅತ್ತೆ, ಹಾಳೆಯನ್ನು ಮಡಿಸುತ್ತ.